ಕೆರೆಯ ಹೂಳಿನ ಜಾಡು ಹಿಡಿದು ಹೋದ ವಿಜ್ಞಾನಿ

ಈ ಕೆರೆಯ ಕಾಯಿಲೆಗೆ ಮದ್ದು ಸಿಕ್ಕಿದ್ದು ಕೆರೇಲಲ್ಲ, ಗುಡ್ಡದ ಮೇಲೆ!

ಚಂಡೀಗಢದ ಸುಖ್ನಾ ಕೆರೆ. ಕಟ್ಟಿದ್ದು 1958ರಲ್ಲಿ. ಎರಡು ದಶಕ ತುಂಬೋದ್ರೊಳಗೆ ದೊಡ್ಡ ಪಾಲು ಹೂಳು. ಮಣ್ಣು ಸಂರಕ್ಷಣಾ ವಿಜ್ಞಾನಿ ಪಿ.ಆರ್. ಮಿಶ್ರಾ ಈ ಹೂಳಿನ ಮೂಲ ಹುಡುಕ್ತಾ ಮೇಲಕ್ಕೆ ಹೋದ್ರು. ಸಿಕ್ಕಿದ್ದು ಶಿವಾಲಿಕ್ ತಪ್ಪಲಿನ ಪುಟ್ಟ ಹಳ್ಳಿ, ಸುಖೋಮಾಜ್ರಿ. ದನ, ಮೇಕೆ ಮೇದೂ ಮೇದೂ ಗುಡ್ಡವೆಲ್ಲ ಬೋಳು.

ಬೋಳು ನೆಲದಲ್ಲಿ ಏನಾಗುತ್ತೆ ನೋಡಿ. ಮಳೆಹನಿ ನೇರವಾಗಿ ಮಣ್ಣಿಗೆ ಬಡಿಯುತ್ತೆ. ಸಿಡಿದ ಸಣ್ಣ ಕಣಗಳು ನೆಲದ ರಂಧ್ರಗಳನ್ನೇ ಮುಚ್ಚಿಬಿಡ್ತವೆ. ಆಮೇಲೆ ನೀರು ಇಂಗೋದಿಲ್ಲ, ಓಡುತ್ತೆ. ಓಡುವಾಗ ಮಣ್ಣನ್ನೂ ಹೊತ್ಕೊಂಡು ಹೋಗುತ್ತೆ. ಹುಲ್ಲಿದ್ರೆ? ಹನಿಯ ಪೆಟ್ಟು ಹುಲ್ಲಿಗೇ ಬೀಳುತ್ತೆ, ನೀರು ನಿಧಾನಕ್ಕೆ ಇಳಿಯುತ್ತೆ.

ಸರಿ, ಮೇಯಿಸಬೇಡಿ ಅಂದ್ರೆ ರೈತ ಕೇಳ್ತಾನಾ? ಯಾಕೆ ಕೇಳಬೇಕು? ಕೆರೆ ಪಟ್ಟಣದವರದ್ದು, ಹಸಿವು ಅವನ ಹಸುವಿನದ್ದು.

1976ರಲ್ಲಿ ಹಳ್ಳಿ ಹತ್ರ ಮಣ್ಣಿನ ಪುಟ್ಟ ಅಣೆಕಟ್ಟು ಎದ್ದಿತು. ನಿಂತ ನೀರು ಹೊಲಕ್ಕೆ ಹರಿದಾಗ ಲೆಕ್ಕಾಚಾರವೇ ಬದಲಾಯ್ತು. ಗುಡ್ಡ ಕಾಯದಿದ್ರೆ ತಮ್ಮದೇ ಅಣೆಕಟ್ಟಿಗೆ ಹೂಳು! ಬೇಲಿ ಹಾಕಲಿಲ್ಲ, ಊರೇ ಬೇಲಿಯಾಯ್ತು. ದನಗಳನ್ನ ಗುಡ್ಡಕ್ಕೆ ಬಿಡೋದು ನಿಂತಿತು, ಭಾಬ್ಬರ್ ಹುಲ್ಲು ಮತ್ತೆ ಚಿಗುರಿತು.

ನನಗೆ ತುಂಬಾ ಹಿಡಿಸಿದ್ದು ಅವರು ನೀರು ಹಂಚಿಕೊಂಡ ರೀತಿ: ಪ್ರತಿ ಮನೆಗೂ ಸಮಪಾಲು. ತುಂಡು ಜಮೀನೂ ಇಲ್ಲದವರಿಗೂ ಪಾಲಿತ್ತು. ಅವರು ಅದನ್ನ ಬೇರೆಯವರಿಗೆ ಮಾರಬಹುದಿತ್ತು.