ರಜೆ ಮುಗಿಯಿತು, ಚೌಕಿ ತೆರೆಯಿತು

ಮಂಗಳೂರಿನ ಮಕ್ಕಳಿಗೆ ದಸರಾ ರಜೆ. ಮಂಜೇಶ್ವರದ ಮಕ್ಕಳಿಗೆ ಓಣಂ ರಜೆ, ಕ್ರಿಸ್ಮಸ್ ರಜೆ. ನಡುವೆ ಇರುವುದು ತಲಪಾಡಿಯ ಗಡಿ ಮಾತ್ರ. ಒಂದೇ ಅಜ್ಜಿಯ ಮೊಮ್ಮಕ್ಕಳು ಗಡಿಯ ಎರಡೂ ಬದಿಗೆ ಹಂಚಿಹೋಗಿದ್ದರೆ ಅವರೆಲ್ಲ ನೆಮ್ಮದಿಯಿಂದ ಒಟ್ಟು ಸೇರುವುದು ಏಪ್ರಿಲ್ ಬಂದ ಮೇಲೆಯೇ. ಅಕ್ಟೋಬರಿನಲ್ಲಿ ಆಚೆಯ ಮಂಗಳೂರಿನವರು ಚೀಲ ಹೊತ್ತು ಬಂದಿಳಿದಾಗ ಈಚೆಯ ಮಂಜೇಶ್ವರದವರು ಯೂನಿಫಾರ್ಮ್ ಹಾಕಿ ಬಸ್ಸಿಗೆ ಕಾಯುತ್ತಿರುತ್ತಾರೆ. ಡಿಸೆಂಬರ್ ಕೊನೆಗೆ ಈಚೆಯವರಿಗೆ ಹತ್ತು ದಿನದ ಬಿಡುವು ಸಿಕ್ಕರೆ ಆಚೆಯವರಿಗೆ ಕ್ರಿಸ್ಮಸ್ಸಿನ ಒಂದು ದಿನ. ಕರ್ನಾಟಕದಲ್ಲೂ ಕ್ರೈಸ್ತ ಆಡಳಿತದ ಕೆಲವು ಶಾಲೆಗಳು ದಸರಾ ರಜೆಯಲ್ಲಿ ಕೆಲವು ದಿನ ಕತ್ತರಿಸಿ ಕ್ರಿಸ್ಮಸ್ಸಿಗೆ ಜೋಡಿಸುವುದುಂಟು, ಅದು ಬೇರೆ ಮಾತು. ಒಟ್ಟಿನಲ್ಲಿ ಎರಡು ರಾಜ್ಯಗಳ ಶಿಕ್ಷಣ ಇಲಾಖೆಗಳು ಸೇರಿ ಅಜ್ಜಿಗೆ ವರ್ಷವಿಡೀ ದೋಸೆಗೆ ಅಕ್ಕಿ ನೆನೆಹಾಕುವ ಕೆಲಸ ಕೊಟ್ಟಿವೆ.

ಮಂಜೇಶ್ವರವೂ ಸೇರಿದ ಗಡಿ ಜಿಲ್ಲೆ ಕಾಸರಗೋಡಿನ ಕನ್ನಡ ಶಾಲೆಗಳು ಕ್ರಿಸ್ಮಸ್ ರಜೆ ಮುಗಿಸಿ ಜನವರಿಯ ಮೊದಲ ವಾರದ ಹೊತ್ತಿಗೆ ಬಾಗಿಲು ತೆರೆಯುತ್ತವೆ. ತೆರೆದ ದಿನ ಮಕ್ಕಳಿಗಾಗಿ ಕಾದಿರುವುದು ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆ. ಕೇರಳದಲ್ಲಿ ಓಣಂಗೆ ಮುನ್ನ ಒಂದು ಪರೀಕ್ಷೆ, ಕ್ರಿಸ್ಮಸ್ಸಿಗೆ ಮುನ್ನ ಇನ್ನೊಂದು. ಬರೆದು ಎದ್ದ ಕೂಡಲೇ ರಜೆ ಸಿಗುವುದರಿಂದ ಹುಡುಗರು ಹತ್ತು ದಿನ ಎಲ್ಲವನ್ನೂ ಮರೆತಿರುತ್ತಾರೆ, ಮಾಸ್ತರು ಮರೆತಿರುವುದಿಲ್ಲ. ಹೊಸ ವರ್ಷದ ಶುಭಾಶಯ ಹೇಳಿದ ಬಾಯಲ್ಲೇ ರೋಲ್ ನಂಬರ್ ಕರೆದು ಮಾರ್ಕು ಓದುತ್ತಾರೆ. ಹೆತ್ತವರ ಸಹಿ ಬೇಕು ಎಂಬ ಸಾಲು ಕೊನೆಗೆ.

ಆದರೆ ಆ ವಾರದ ದೊಡ್ಡ ಸುದ್ದಿ ಮಾರ್ಕಲ್ಲ, ಕಲೋತ್ಸವ. ಕೇರಳ ರಾಜ್ಯ ಶಾಲಾ ಕಲೋತ್ಸವ ಶುರುವಾದದ್ದು 1957ರ ಜನವರಿಯಲ್ಲಿ, ಎರ್ನಾಕುಳಂನಲ್ಲಿ. ಕಾಸರಗೋಡು ಕೇರಳಕ್ಕೆ ಸೇರಿ ಆಗ ಮೂರು ತಿಂಗಳೂ ತುಂಬಿರಲಿಲ್ಲ. ಶಾಲೆಯಲ್ಲಿ ಗೆದ್ದವರು ಉಪಜಿಲ್ಲೆಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ. ಕಾಸರಗೋಡು ಜಿಲ್ಲೆಯ ಏಳು ಉಪಜಿಲ್ಲೆಗಳಲ್ಲಿ ಮಂಜೇಶ್ವರ, ಕುಂಬಳೆ, ಕಾಸರಗೋಡು ಈ ಮೂರರಲ್ಲಿ ಕನ್ನಡದ ಸದ್ದು ಜೋರು. ಕನ್ನಡ ಭಾಷಣ, ಕನ್ನಡ ಪದ್ಯ, ಯಕ್ಷಗಾನ ಇವೆಲ್ಲ ಸ್ಪರ್ಧೆಯ ಪಟ್ಟಿಯಲ್ಲೇ ಇವೆ. ರಾಜ್ಯಮಟ್ಟದ್ದು 2023ರಲ್ಲಿ ಕೋಯಿಕ್ಕೋಡಿನಲ್ಲಿ, 2024ರಲ್ಲಿ ಕೊಲ್ಲಂನಲ್ಲಿ, 2025ರಲ್ಲಿ ತಿರುವನಂತಪುರದಲ್ಲಿ ನಡೆಯಿತು, ಮೂರೂ ಸಲ ಶುರುವಾದದ್ದು ಜನವರಿಯ ಮೊದಲ ವಾರದಲ್ಲಿ. ಎಂದರೆ ಜಿಲ್ಲೆಯಲ್ಲಿ ಗೆದ್ದ ತಂಡಕ್ಕೆ ಕ್ರಿಸ್ಮಸ್ ರಜೆ ಹೆಸರಿಗಷ್ಟೇ. ಊರೆಲ್ಲ ಕೇಕು ತಿನ್ನುವಾಗ ಇವರು ಶಾಲೆಯ ಹಾಲಿನಲ್ಲಿ ಯಕ್ಷಗಾನದ ಧೀಂಗಿಣ ಸುತ್ತುತ್ತಿರುತ್ತಾರೆ.

ಈ ಅಭ್ಯಾಸದ ಪರಿಣಾಮ ತರಗತಿಯಲ್ಲಿ ಕಾಣುತ್ತದೆ. ಹತ್ತು ದಿನ ಮಹಿಷಾಸುರನ ಅರ್ಥ, ಅಂದರೆ ರಂಗದ ಮಾತು, ಬಾಯಿಪಾಠ ಮಾಡಿದ ಹುಡುಗನ ನಾಲಗೆ ಅಷ್ಟು ಸುಲಭಕ್ಕೆ ಎಂಟನೇ ಕ್ಲಾಸಿಗೆ ಮರಳುವುದಿಲ್ಲ. ಹಾಜರಿ ಕೂಗಿದರೆ ‘ಇದ್ದೇನೆ ಸಾರ್’ ಎನ್ನುವ ಬದಲು ‘ಬಂದಿದ್ದೇನೆ’ ಎಂದು ಎದೆ ಸೆಟೆಸುತ್ತಾನೆ. ಲೆಕ್ಕ ಯಾಕೆ ಮಾಡಿಲ್ಲ ಎಂದು ಕೇಳಿದರೆ ದೇವೇಂದ್ರನನ್ನು ಸೋಲಿಸುವ ಗಡಿಬಿಡಿಯಲ್ಲಿ ಆಗಲಿಲ್ಲ ಎಂಬ ಉತ್ತರ. ದೇವೇಂದ್ರನನ್ನು ಗೆದ್ದವನಿಗೆ ವರ್ಗಮೂಲ ಯಾವ ಲೆಕ್ಕ, ಬಾ ಬೋರ್ಡಿನ ಹತ್ತಿರ ಎಂದು ಮಾಸ್ತರು. ಮೂರು ಲೋಕ ನಡುಗಿಸಿದವನು ಸೀಮೆಸುಣ್ಣ ಹಿಡಿದು ನಡುಗುತ್ತಾನೆ. ಇಂಥ ಕಥೆಗಳು ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ಓಡಾಡುತ್ತವೆ. ನಡೆದದ್ದೆಷ್ಟು, ಚಹಾದ ಹೊತ್ತಿಗೆ ಸೇರಿದ್ದೆಷ್ಟು ಎಂದು ಕೇಳಬಾರದು. ಶಾಲೆಯ ತಮಾಷೆಯನ್ನು ಎಂ.ಆರ್. ಶ್ರೀನಿವಾಸಮೂರ್ತಿಯವರು ‘ರಂಗಣ್ಣನ ಕನಸಿನ ದಿನಗಳು’ ಕಾದಂಬರಿಯಲ್ಲಿ ಹಳೆ ಮೈಸೂರಿನ ಇನ್ಸ್‌ಪೆಕ್ಟರನ ಕಣ್ಣಿನಿಂದ ತೋರಿಸಿದರು. ಗಡಿನಾಡಿನ ಶಾಲೆಗೂ ಅಂಥದೊಂದು ಪುಸ್ತಕ ಸಲ್ಲಬೇಕು. ಸಾಮಗ್ರಿಗೆ ಕೊರತೆಯೇನಿಲ್ಲ.

ರಾಜ್ಯಮಟ್ಟದ ಕಲೋತ್ಸವಕ್ಕೆ ತಂಡ ಹೊರಡುವ ದಿನ ಅರ್ಧ ಊರು ರೈಲ್ವೆ ಸ್ಟೇಷನ್ನಿನಲ್ಲಿ. ಕಾಸರಗೋಡಿನವರಿಗೆ ಬೆಂಗಳೂರಿಗಿಂತ ತಮ್ಮ ರಾಜ್ಯದ ರಾಜಧಾನಿಯೇ ದೂರ. ಮಾವೇಲಿ ಎಕ್ಸ್‌ಪ್ರೆಸ್ಸಿನಲ್ಲಿ ಸಂಜೆ ಹತ್ತಿದರೆ ಬೆಳಗಾದ ಮೇಲೆ ತಿರುವನಂತಪುರ. ಕೆಳಗಿನ ಬರ್ತಿನಲ್ಲಿ ಚೆಂಡೆ, ಮದ್ದಳೆ. ಮೇಲಿನ ಬರ್ತಿನಲ್ಲಿ ಕಿರೀಟದ ಪೆಟ್ಟಿಗೆ. ಮಧ್ಯದಲ್ಲಿ ಉಳಿದ ಜಾಗದಲ್ಲಿ ದೇವತೆಗಳೂ ರಾಕ್ಷಸರೂ ಒಬ್ಬರ ಮೇಲೊಬ್ಬರು ನಿದ್ರೆ. ಜೊತೆಗೆ ಬಂದ ಟೀಚರಿಗೆ ನಿದ್ರೆ ಇಲ್ಲ. ಪ್ರತಿ ದೊಡ್ಡ ಸ್ಟೇಷನ್ ಬಂದಾಗಲೂ ಎದ್ದು ತಲೆ ಎಣಿಸಬೇಕು, ಆಮೇಲೆ ಕಿರೀಟ ಎಣಿಸಬೇಕು. ಹುಡುಗರು ಕಮ್ಮಿಯಾದರೆ ಮುಂದಿನ ರೈಲಿಗೆ ಬಂದಾರು, ಕಿರೀಟ ಕಮ್ಮಿಯಾದರೆ ಬಾಡಿಗೆ ಕೊಟ್ಟವರಿಗೆ ಉತ್ತರ ಹೇಳುವವರು ಯಾರು?

ಯಕ್ಷಗಾನದ ವೇದಿಕೆಯ ಎದುರು ಕೂತರೆ ವಿಚಿತ್ರವೊಂದು ಕಾಣುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇರುವುದು ಕಾಸರಗೋಡು ಜಿಲ್ಲೆಯಲ್ಲಿ. ಯಕ್ಷಗಾನದ ತೆಂಕುತಿಟ್ಟು ಶೈಲಿಯ ತವರೇ ಅದು. ಆದರೆ ಸ್ಪರ್ಧೆಗೆ ಬರುವವರು ದಕ್ಷಿಣದ ಜಿಲ್ಲೆಗಳಿಂದಲೂ ಇರುತ್ತಾರೆ. ಕನ್ನಡದ ಒಂದಕ್ಷರ ಬಾರದ ಮಕ್ಕಳು ಪದ್ಯ, ಅರ್ಥ ಎಲ್ಲವನ್ನೂ ಮಲಯಾಳ ಲಿಪಿಯಲ್ಲಿ ಬರೆದುಕೊಂಡು ಉರು ಹೊಡೆದು, ಕಾಲಿಗೆ ಗೆಜ್ಜೆ ಕಟ್ಟಿ, ಬಣ್ಣ ಹಚ್ಚಿ ರಂಗಕ್ಕೆ ಬರುತ್ತಾರೆ. ಅವರನ್ನು ತಯಾರು ಮಾಡಿದ ಗುರುಗಳು ಬಹುತೇಕ ಕಾಸರಗೋಡಿನ ಕಡೆಯವರೇ. ಒಬ್ಬರೇ ಗುರು ಹಲವು ಜಿಲ್ಲೆಗಳ ತಂಡಗಳಿಗೆ ಕಲಿಸಿ, ತಮ್ಮ ಶಿಷ್ಯರು ತಮ್ಮ ಶಿಷ್ಯರನ್ನೇ ಸೋಲಿಸುವುದನ್ನು ನೋಡುತ್ತ ಬಣ್ಣ ಹಚ್ಚುವ ಚೌಕಿಯಲ್ಲಿ ನಿಂತಿರುವುದೂ ಉಂಟು. ಯಾರಿಗೆ ಗ್ರೇಡ್ ಬಂದರೂ ಗುರುಗಳಿಗೆ ಅಭಿನಂದನೆ ಹೇಳಬಹುದು, ಅಷ್ಟು ಅನುಕೂಲ.

ಕಾಸರಗೋಡಿನಿಂದ ಹೋದ ಮಕ್ಕಳು ಮೊದಲ ಸಲ ದಕ್ಷಿಣದ ತಂಡಗಳ ಕನ್ನಡ ಕೇಳಿದಾಗ ನಗುತ್ತಾರೆ. ಮಾತು ನಿಲ್ಲಬಾರದ ಜಾಗದಲ್ಲಿ ನಿಲ್ಲುತ್ತದೆ, ಒತ್ತಕ್ಷರ ಎಲ್ಲೋ ಹಾರಿಹೋಗುತ್ತದೆ. ನಗು ಮುಗಿಯುವಷ್ಟರಲ್ಲಿ ಆ ತಂಡಕ್ಕೆ ‘ಎ’ ಗ್ರೇಡ್ ಬಂದಿರುತ್ತದೆ. ಆಮೇಲೆ ನಗು ಇರುವುದಿಲ್ಲ. ನನಗೆ ಈ ಸ್ಪರ್ಧೆಯ ಬಗ್ಗೆ ಒಂದು ತಕರಾರು ಇದೆ. ರಾತ್ರಿಯಿಡೀ ಆಡುವ ಪ್ರಸಂಗವನ್ನು ಗಡಿಯಾರದ ಮುಳ್ಳಿಗೆ ಸಿಕ್ಕಿಸಿ ಕತ್ತರಿಸುವಾಗ ಮೊದಲು ಬಲಿಯಾಗುವುದು ಅರ್ಥಗಾರಿಕೆ. ರಂಗದ ಮೇಲೆ ನಿಂತಲ್ಲೇ ಮಾತು ಹುಟ್ಟಬೇಕಾದ ಕಲೆಯಲ್ಲಿ ಎಲ್ಲರೂ ಕಂಠಪಾಠ ಒಪ್ಪಿಸಿದರೆ ಎದುರಾಳಿ ಏನೆಂದರೂ ಉತ್ತರ ಒಂದೇ. ಹಾಗೆಂದು ಸ್ಪರ್ಧೆ ಬೇಡ ಎನ್ನಲಾರೆ. ಯಕ್ಷಗಾನದ ಚೆಂಡೆ ಕೊಲ್ಲಂ, ತಿರುವನಂತಪುರಗಳ ಶಾಲೆಗಳಲ್ಲಿ ಕೇಳುವಂತೆ ಮಾಡಿದ್ದು ಯಾವ ಕನ್ನಡ ಸಂಘವೂ ಅಲ್ಲ, ಈ ಸ್ಪರ್ಧೆಯೇ.

2025ರ ಕಲೋತ್ಸವ ಇನ್ನೊಂದು ಕಾರಣಕ್ಕೂ ಕಾಸರಗೋಡಿಗೆ ಹತ್ತಿರವಾಯಿತು. ಆ ವರ್ಷ ಐದು ಬುಡಕಟ್ಟು ನೃತ್ಯಗಳನ್ನು ಹೊಸದಾಗಿ ಸ್ಪರ್ಧೆಗೆ ಸೇರಿಸಿದರು, ಅವುಗಳಲ್ಲಿ ಮಂಗಲಂಕಳಿಯೂ ಒಂದು. ಕಾಸರಗೋಡಿನ ಮಾವಿಲರು, ವೇಟ್ಟುವರು ಮದುವೆಯ ಚಪ್ಪರದಡಿ ಕುಣಿಯುವ ಕುಣಿತ ಅದು, ಹಾಡುಗಳಲ್ಲಿ ತುಳುವೂ ಇದೆ. ರಾಜಧಾನಿಯ ವೇದಿಕೆಯಲ್ಲಿ ತುಳು ಹಾಡಿಗೆ ಶಾಲಾ ಮಕ್ಕಳು ಹೆಜ್ಜೆ ಹಾಕಿದರು. ಅಲ್ಲಿನ ವೇದಿಕೆಗಳಿಗೆಲ್ಲ ಕೇರಳದ ನದಿಗಳ ಹೆಸರು ಇಟ್ಟಿದ್ದರು. ಮಲಯಾಳದ ಸಾಹಿತಿ ಎಂ.ಟಿ. ವಾಸುದೇವನ್ ನಾಯರ್ ತೀರಿಕೊಂಡು ಹೆಚ್ಚು ದಿನವಾಗಿರಲಿಲ್ಲ, ಮುಖ್ಯ ವೇದಿಕೆಗೆ ‘ಎಂ.ಟಿ–ನಿಳಾ’ ಎಂದು ಹೆಸರಾಯಿತು.

ಅದೇ ವರ್ಷ ತೃಶೂರು 1008 ಅಂಕ ಪಡೆದು ಚಿನ್ನದ ಕಪ್ ಗೆದ್ದಿತು. ಎರಡನೇ ಸ್ಥಾನದ ಪಾಲಕ್ಕಾಡಿಗೆ 1007. ಒಂದೇ ಒಂದು ಅಂಕ! 117.5 ಪವನಿನ ಕಪ್ ಅದು. ಚಿನ್ನದ ಈಗಿನ ರೇಟಿಗೆ ಗುಣಿಸಿ ನೋಡುವ ಲೆಕ್ಕವನ್ನು ಮಾತ್ರ ಯಾವ ಹುಡುಗನಿಗೂ ಮಾಸ್ತರು ಹೇಳಿಕೊಡಬೇಕಾಗಿಲ್ಲ. ಕಾಸರಗೋಡು ಈ ಪಟ್ಟಿಯ ಮೇಲಿನ ಸಾಲುಗಳಲ್ಲಿ ಕಾಣಿಸುವುದು ಅಪರೂಪ. ಅದರಿಂದ ಒಂದು ಲಾಭವೂ ಇದೆ: ಕಪ್‌ನ ಚಿಂತೆ ಇಲ್ಲದವರು ಬೇರೆಯವರ ಆಟವನ್ನು ನೋಡಬಹುದು.

ಸೋಲಿನ ವಿಷಯಕ್ಕೆ ಬಂದರೆ, ಮಕ್ಕಳು ಅದನ್ನು ಐಸ್‌ಕ್ರೀಮಿನಲ್ಲಿ ಮುಗಿಸುತ್ತಾರೆ. ಹೆತ್ತವರು ಅಪೀಲಿನಲ್ಲಿ ಮುಂದುವರಿಸುತ್ತಾರೆ. ತೀರ್ಪು ಸರಿಯಿಲ್ಲ ಎಂದು ಶುಲ್ಕ ಕಟ್ಟಿ ಮೇಲ್ಮನವಿ ಕೊಡುವ ವ್ಯವಸ್ಥೆ ಕಲೋತ್ಸವದಲ್ಲಿದೆ, ಕೆಲವರು ಕೋರ್ಟಿನ ಮೆಟ್ಟಿಲನ್ನೂ ಹತ್ತಿದ್ದಾರೆ. ಗೆದ್ದರೆ ಊರಿನಲ್ಲಿ ಫ್ಲೆಕ್ಸ್ ಏಳುತ್ತದೆ. ಫ್ಲೆಕ್ಸಿನಲ್ಲಿ ಅಭಿನಂದನೆ ಕೋರುವವರ ಮುಖ ದೊಡ್ಡದು, ಅಭಿನಂದನೆ ಪಡೆದ ಹುಡುಗಿಯ ಮುಖ ಪಾಸ್‌ಪೋರ್ಟ್ ಅಳತೆಯದು. ಅವಳನ್ನು ಹುಡುಕಲು ಅವಳ ಅಮ್ಮನೇ ಬೆರಳು ಇಟ್ಟು ತೋರಿಸಬೇಕು.

ಇಷ್ಟೆಲ್ಲ ಸಂಭ್ರಮ ಮುಗಿಸಿ ಬಂದ ಮಗು ಮರುದಿನ ಕೂರುವುದು ಯಾವ ತರಗತಿಯಲ್ಲಿ? ಕನ್ನಡ ಮಾಧ್ಯಮದ ಹುದ್ದೆಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದರೆಂದು ಇಲ್ಲಿ ಮಕ್ಕಳೂ ಪೋಷಕರೂ ಮತ್ತೆ ಮತ್ತೆ ಬೀದಿಗಿಳಿದಿದ್ದಾರೆ. ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡಿದ 2017ರ ಮಲಯಾಳ ಕಲಿಕಾ ಕಾನೂನಿನ ಮೇಲೂ ಸಾಕಷ್ಟು ಚರ್ಚೆ ಆಗಿದೆ. ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳಂಥ ಕವಿ ನಿಂತು ಕನ್ನಡ ಪಾಠ ಹೇಳಿದ ನೆಲ ಇದು. ಅಂಥಲ್ಲಿ ಕನ್ನಡ ಮೇಷ್ಟ್ರಿಗೆ ಅರ್ಜಿ ಹಾಕಿ ಕಾಯುವ ಸ್ಥಿತಿ ತಮಾಷೆಯಲ್ಲ. ಆದರೆ ಬೆಂಗಳೂರಿನ ಪತ್ರಿಕೆಗಳಲ್ಲಿ ಕಾಸರಗೋಡಿನ ಶಾಲೆ ಕಾಣಿಸಿಕೊಳ್ಳುವುದು ಈ ಒಂದೇ ಸಂದರ್ಭದಲ್ಲಿ ಎನ್ನುವುದು ನನಗೆ ಅಷ್ಟೇ ಬೇಸರದ ಸಂಗತಿ. ಅಳುವ ಶಾಲೆಯನ್ನು ಮಾತ್ರ ನೋಡಿದವರಿಗೆ ಕುಣಿಯುವ ಶಾಲೆ ಗೊತ್ತೇ ಆಗುವುದಿಲ್ಲ.

ಸುದ್ದಿ ಬರೆಯುವವರಿಲ್ಲ ಎಂದಲ್ಲ. ಬೆಳಗಿನ ಅಸೆಂಬ್ಲಿಯಲ್ಲಿ ಕನ್ನಡ ವಾರ್ತೆ ಓದುವ ಮಕ್ಕಳಿದ್ದಾರೆ. ಕೇರಳದ ಹೈಸ್ಕೂಲುಗಳಲ್ಲಿ 2018ರಿಂದ ‘ಲಿಟಲ್ ಕೈಟ್ಸ್’ ಎಂಬ ಐಟಿ ಕ್ಲಬ್ಬುಗಳಿವೆ. ಕ್ಯಾಮರಾ ಹಿಡಿಯುವುದು, ಡಿಜಿಟಲ್ ಮ್ಯಾಗಜಿನ್ ಮಾಡುವುದು ಆ ಕ್ಲಬ್ಬಿನ ಮಕ್ಕಳ ಕೆಲಸ. 2009ರಲ್ಲಿ ಶುರುವಾದ ಸ್ಕೂಲ್ ವಿಕಿಯಲ್ಲಿ ಶಾಲೆಗಳು ತಮ್ಮ ಕಥೆಯನ್ನು ತಾವೇ ಬರೆದು ಹಾಕುತ್ತವೆ. ಆದರೆ ಪಿಟಿಎ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಲವತ್ತು ಹೂಗುಚ್ಛಗಳೂ ಕೈಮುಗಿದ ಚಿತ್ರಗಳೂ ಬಿದ್ದ ಮೇಲೆ ಅಸಲು ಸುದ್ದಿ ಯಾವುದೆಂದು ಹುಡುಕಲು ಒಂದು ಪಿರಿಯಡ್ ಬೇಕು. ಸಭೆ ಎಷ್ಟು ಗಂಟೆಗೆ ಎಂದು ಕೊನೆಗೆ ಫೋನ್ ಮಾಡಿಯೇ ಕೇಳಬೇಕು.

ಕನ್ನಡ ಪತ್ರಿಕೆಗಳ ಸಂಪಾದಕರಲ್ಲಿ ಒಂದು ವಿನಂತಿ: ಜನವರಿಯಲ್ಲಿ ಒಂದು ಭಾನುವಾರದ ಅರ್ಧ ಪುಟವನ್ನು ಗಡಿನಾಡಿನ ಶಾಲೆಗಳಿಗೆ ಬಿಡಿ, ಬರೆಯುವುದನ್ನು ಮಕ್ಕಳಿಗೇ ಬಿಡಿ. ಓದುಗರಲ್ಲಿ ಇನ್ನೊಂದು: ರಾಜ್ಯಮಟ್ಟದ್ದು ದೂರವಾದರೆ ಅದಕ್ಕೂ ಮೊದಲು ನಡೆಯುವ ಮಂಜೇಶ್ವರ, ಕುಂಬಳೆ ಉಪಜಿಲ್ಲಾ ಕಲೋತ್ಸವಗಳಿಗೆ ಒಮ್ಮೆ ಬನ್ನಿ. ಒಳಗೆ ಹೋಗಲು ಟಿಕೆಟ್ ಬೇಡ. ಆಮಂತ್ರಣದಲ್ಲಿ ಹಾಕಿದ ಸಮಯವನ್ನು ಮಾತ್ರ ನಂಬಬೇಡಿ, ಒಂದು ಗಂಟೆ ತಡವಾಗಿಯೇ ಶುರುವಾಗುತ್ತದೆ.