ಚಳಿನಾಡಿನ ಮನೆಗೆ ಹೊಸ ಗಾಳಿ

ಕೆನಡಾ ದೇಶದ ರಿಜೈನಾ ನಗರದಲ್ಲಿ 1977ರಲ್ಲಿ ಕಟ್ಟಿದ ಒಂದು ಮನೆಯು ಗಾಳಿ ನುಸುಳದಷ್ಟು ಬಿಗಿಯಾಗಿದ್ದಿತು. ಒಳಗಿನವರು ಉಸಿರಾಡಬೇಡವೇ? ತೇವವು ನಿಂತರೆ ಗೋಡೆಗೆ ಬೂಷ್ಟು ಹಿಡಿಯುವುದು. ಮಕ್ಕಳ ಎದೆಗೆ ಅದು ಕೇಡು. ಆದುದರಿಂದ ಹೊರಹೋಗುವ ಗಾಳಿಯ ಶಾಖವನ್ನು ಒಳಬರುವ ಗಾಳಿಗೆ ದಾಟಿಸುವ ಯಂತ್ರವನ್ನು ಅಲ್ಲಿ ಇರಿಸಿದರು. ಎರಡೂ ತೆಳುವಾದ ತಡಿಕೆಯ ಅತ್ತಿತ್ತ ಹರಿಯುವುವಲ್ಲದೆ ಒಂದರೊಡನೊಂದು ಬೆರೆಯವು.

ಅಂತಹ ಊರುಗಳಲ್ಲಿ ಈ ಯಂತ್ರವನ್ನು ಕೊಳ್ಳುವವರು ಮೊದಲು ಬಾಗಿಲು ಕಿಟಕಿಗಳ ಸಂದುಗಳನ್ನು ಮುಚ್ಚಿಸತಕ್ಕದ್ದು. ಸಂದಿನಲ್ಲಿ ಸೋರಿದ ಗಾಳಿಯ ಶಾಖವು ಮರಳಿ ದೊರೆಯದು. ಬಳಿಕ ಕೊಳವೆಗಳ ದಾರಿಯನ್ನು ಗುರುತಿಸಬೇಕು: ಅಡಿಗೆಮನೆ ಬಚ್ಚಲುಗಳಿಂದ ಹೊರಕ್ಕೆ, ಮಲಗುವ ಕೋಣೆಗಳಿಗೆ ಒಳಕ್ಕೆ. ಹೊರಗೋಡೆಯ ಎರಡು ಬಾಯಿಗಳೂ ದೂರದೂರವಿರಲಿ. ಇಲ್ಲವಾದರೆ ಬಿಟ್ಟ ಉಸಿರನ್ನೇ ಮತ್ತೆ ಸೇದಿದಂತಾಗುವುದು. ತೇವದ ಗಾಳಿಯು ತಣಿದಾಗ ನೀರಿಳಿಯುವುದರಿಂದ ಮೋರಿಗೊಂದು ನಾಳವೂ ಬೇಕು. ಧೂಳು ಸೋಸುವ ಜಾಲರಿಯನ್ನು ತೆಗೆಯಲು ಕೈ ಹೋಗುವಷ್ಟು ಸ್ಥಳ ಬಿಡುವಂತೆ ಕೆಲಸದವನಿಗೆ ಹೇಳಲು ಮಾತ್ರ ಮರೆತೀರಿ, ಜೋಕೆ!