ಚಿತ್ರ ಮಸುಕಾದರೆ ತಪ್ಪು ಮಸೂರದ್ದೇ?

ಬಯಲಾಟದ ವೇಷ, ಜಾತ್ರೆಯ ತೇರು, ಬೇಕಲ ಕೋಟೆ, ಮನೆಯ ಹಿರಿಯರ ಮುಖ – ಎಲ್ಲವನ್ನೂ ಒಂದೇ ಮಸೂರದಲ್ಲಿ ಹಿಡಿಯುವ ಆಸೆ ನಮಗೆಲ್ಲ ಇರುವಂಥದೇ. ಆ ಆಸೆಗೆಂದೇ ಹುಟ್ಟಿದವು ಉದ್ದ ಜೂಮಿನ ಪ್ರವಾಸಿ ಮಸೂರಗಳು. ೧೯೯೨ರಲ್ಲಿ ಟ್ಯಾಮ್ರಾನ್ ಕಂಪೆನಿ ೨೮ರಿಂದ ೨೦೦ ಮಿಲ್ಲಿಮೀಟರಿನದನ್ನು ತಂದಿತು. ೨೦೦೫ರಲ್ಲಿ ನಿಕಾನಿನ ೧೮–೨೦೦ ಬಂತು. ೨೦೧೭ರಲ್ಲಿ ಟ್ಯಾಮ್ರಾನಿನದೇ ೧೮–೪೦೦. ಚೀಲವೇನೋ ಹಗುರವಾಯಿತು. ಆದರೆ ಮನೆಗೆ ಬಂದು ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಕಣ್ಣು, ರೆಪ್ಪೆ ಎಲ್ಲ ಕಲಸಿಹೋಗಿರುತ್ತವೆ. ಮಸೂರವೇ ಸರಿಯಿಲ್ಲ ಎಂಬ ತೀರ್ಪು ಕೂಡಲೇ ಹೊರಡುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇದು ಅರ್ಧ ಸತ್ಯ.

ಇಂಥ ಮಸೂರ ಒಂದು ರಾಜಿ ಎಂಬುದು ನಿಜ. ಅಗಲದ ತುದಿಯಲ್ಲಿ ಅದರ ಕಿಂಡಿ, ಅಂದರೆ ಅಪರ್ಚರ್, ೩.೫ರಷ್ಟು ತೆರೆದರೆ ಉದ್ದದ ತುದಿಯಲ್ಲಿ ಹಲವು ಮಸೂರಗಳದು ೬.೩ಕ್ಕೆ ನಿಲ್ಲುತ್ತದೆ. ಒಳಬರುವ ಬೆಳಕು ಮೂರರಲ್ಲಿ ಒಂದು ಪಾಲಿಗೂ ಕಡಿಮೆ. ರಾತ್ರಿಯ ಆಟದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ೨೦೦ಕ್ಕೆ ಎಳೆದವರ ಕ್ಯಾಮೆರಾ ಫೋಕಸ್ ಹುಡುಕುತ್ತ ಮುಂದೆ ಹಿಂದೆ ಅಲೆಯುವುದು ಇದರಿಂದಲೇ. ನಾಲ್ಕು ಹೆಜ್ಜೆ ಮುಂದೆ ಹೋಗಿ ೫೦ರಲ್ಲಿ ತೆಗೆಯುವುದೇ ಲೇಸು. ಫೋಕಸ್ ಬಿಂದು ಒಂದೇ ಇರಲಿ. ಅದನ್ನು ಕಿರೀಟಕ್ಕೂ ಹಣೆಗೂ ನಡುವಿನ ಗೆರೆಯ ಮೇಲಿಟ್ಟರೆ ಕ್ಯಾಮೆರಾ ತಡವರಿಸದು. ಬರಿಯ ಕಪ್ಪು ಪರದೆಯ ಮೇಲೆ ಅದಕ್ಕೆ ಹಿಡಿಯಲು ಏನೂ ಇಲ್ಲ.

ಕೈ ಅಲುಗಾಟ ಬೇರೆ, ಫೋಕಸ್ ತಪ್ಪುವುದು ಬೇರೆ. ಎರಡನ್ನೂ ಜನ ಮಸುಕು ಎಂದೇ ಕರೆಯುತ್ತಾರೆ. ಸಾಮಾನ್ಯ ಡಿಜಿಟಲ್ ಕ್ಯಾಮೆರಾದಲ್ಲಿ ೨೦೦ ಮಿಲ್ಲಿಮೀಟರಿಗೆ ಶಟರ್ ವೇಗ ಸೆಕೆಂಡಿನ ೩೦೦ರಲ್ಲಿ ಒಂದು ಭಾಗವಾದರೂ ಇರಬೇಕು. ಅಲುಗಾಟ ತಡೆಯುವ ಏರ್ಪಾಡು ನಮ್ಮ ಕೈಯನ್ನು ಸಂಭಾಳಿಸೀತು, ದಿಗಿಣ ಹಾಕುವ ವೇಷಧಾರಿಯನ್ನಲ್ಲ. ಆಟ ಬಲ್ಲವರಿಗೆ ಇಲ್ಲಿ ಒಂದು ಅನುಕೂಲವಿದೆ: ಚೆಂಡೆಯ ಮುಕ್ತಾಯಕ್ಕೆ ವೇಷ ಒಂದು ಕ್ಷಣ ನಿಲ್ಲುತ್ತದೆ. ಗುಂಡಿ ಒತ್ತುವುದು ಆಗ.

ಇನ್ನೊಂದು ಮುಖ್ಯ ಸಂಗತಿ. ಮೊದಲು ಉದ್ದಕ್ಕೆ ಎಳೆದು ಫೋಕಸ್ ಮಾಡಿ ಆಮೇಲೆ ಅಗಲಕ್ಕೆ ತರುವ ಅಭ್ಯಾಸ ಹಲವರಿಗಿದೆ. ಈ ಮಸೂರಗಳಲ್ಲಿ ಅದು ಸಲ್ಲದು. ಜೂಮ್ ತಿರುಗಿಸಿದರೆ ಫೋಕಸ್ ಜರುಗುತ್ತದೆ. ಜೂಮ್ ಮೊದಲು, ಫೋಕಸ್ ಆಮೇಲೆ.

ಶಾಲೆಯ ಗುಂಪು ಚಿತ್ರವನ್ನು ದೂರದಿಂದ ಎಳೆದು ತೆಗೆಯಬೇಡಿ. ೨೦೦ ಮಿಲ್ಲಿಮೀಟರಿನಲ್ಲಿ ಐದು ಮೀಟರ್ ದೂರದ ಮುಖಕ್ಕೆ ಫೋಕಸ್ ಇಟ್ಟರೆ ಸ್ಪಷ್ಟವಾಗುವ ಆಳ ಒಂದು ಗೇಣಿಗಿಂತ ಕಡಿಮೆ; ಹಿಂದಿನ ಸಾಲಿನ ಮಕ್ಕಳ ಗತಿಯೇನು? ಅದೇ ೧೮ರಲ್ಲಿ ಕಿಂಡಿಯನ್ನು ೮ಕ್ಕೆ ಇಳಿಸಿ ಎರಡು ಮೀಟರಿಗೆ ಫೋಕಸ್ ಇಟ್ಟರೆ ಒಂದು ಮೀಟರಿನಿಂದ ದಿಗಂತದವರೆಗೆ ಹೆಚ್ಚುಕಡಿಮೆ ಎಲ್ಲವೂ ತಿಳಿಯಾಗುತ್ತದೆ. ಮಕ್ಕಳಿಗಾದರೆ ೩೫ರ ಆಸುಪಾಸು ಸಾಕು. ೮ ಒಳ್ಳೆಯದೆಂದು ೨೨ಕ್ಕೆ ಇಳಿಸಿದರೆ ಬೆಳಕು ಕಿಂಡಿಯ ಅಂಚಿನಲ್ಲಿ ಹರಡಿ ಚಿತ್ರ ಮತ್ತೆ ಮೆತ್ತಗಾಗುತ್ತದೆ.

ಬೇಕಲದಲ್ಲಿ ಮಧ್ಯಾಹ್ನ ಮುರಕಲ್ಲಿನ ಗೋಡೆಯಿಂದೇಳುವ ಬಿಸಿಗಾಳಿಗೆ ದೂರದ ಬುರುಜು ನಡುಗಿದಂತೆ ಕಂಡರೆ ಯಾವ ಮಸೂರವೂ ಅದನ್ನು ನಿಲ್ಲಿಸದು. ಬೆಳಗ್ಗೆ ಹೋಗಿ. ಕಡಲ ಉಪ್ಪು ಗಾಜಿಗೆ ಹತ್ತಿದ್ದರೆ ಮೊದಲು ಬ್ರಷ್ಷಿನಿಂದ ಧೂಳು ತೆಗೆದು, ಮೆತ್ತನೆ ಬಟ್ಟೆಯಿಂದ ಒರೆಸಿ. ಮಳೆಗಾಲದಲ್ಲಿ ಚೀಲದೊಳಗೇ ಬಿಟ್ಟ ಗಾಜಿಗೆ ಬೂಷ್ಟು ಹಿಡಿದರಂತೂ ಎಲ್ಲ ಚಿತ್ರಕ್ಕೂ ಮಂಜು ಕವಿಯುತ್ತದೆ.

ನಮ್ಮ ಕಡೆಯ ಮನೆಗಳ ಅಟ್ಟದಲ್ಲಿ ಹಳೆಯ ಪ್ರಸಂಗದ ಕೈಬರಹವೋ ಅಜ್ಜನ ಲೆಕ್ಕದ ಕಡತವೋ ಇರುವುದುಂಟು. ಗೆದ್ದಲು ನಮಗಾಗಿ ಕಾಯುವುದಿಲ್ಲ; ಚಿತ್ರ ತೆಗೆದಿಡುವುದಾದರೆ ಅಕ್ಷರ ಓದಲು ಬರಬೇಕು. ಹಾಳೆಯನ್ನು ಕಿಟಕಿಯ ಬಳಿ ನೆಲದಲ್ಲಿ ಹಾಸಿ, ೫೦ರಿಂದ ೭೦ರೊಳಗೆ, ಕಿಂಡಿ ೮ಕ್ಕೆ ಇಟ್ಟು ನೇರ ಮೇಲಿನಿಂದ ತೆಗೆಯಿರಿ. ತೀರ ಹತ್ತಿರ ಹೋಗಬೇಡಿ. ಇವುಗಳಲ್ಲಿ ಅನೇಕವು ಅರ್ಧ ಮೀಟರಿಗಿಂತ ಹತ್ತಿರದ್ದನ್ನು ಹಿಡಿಯವು. ಕೆಳಮುಖ ಮಾಡಿದಾಗ ಮಸೂರದ ಕೊಳವೆ ತನ್ನ ಭಾರಕ್ಕೆ ತಾನೇ ಜಾರುವುದುಂಟು, ಆಗ ಜೂಮೂ ಫೋಕಸೂ ಎರಡೂ ಕೆಡುತ್ತವೆ. ಬದಿಯಲ್ಲಿರುವ ಬೀಗದ ಗುಂಡಿ ಸಾಮಾನ್ಯವಾಗಿ ಅಗಲದ ತುದಿಯಲ್ಲಿ ಮಾತ್ರ ಹಿಡಿಯುತ್ತದೆ, ಆದ್ದರಿಂದ ಕೊಳವೆಗೆ ಕೈ ಆಸರೆ ಕೊಡಿ. ಪ್ರತಿ ಹಾಳೆ ಮಗುಚುವ ಮೊದಲು ಹಿಂಬದಿಯ ಪರದೆಯಲ್ಲಿ ದೊಡ್ಡದು ಮಾಡಿ, ನಾಲ್ಕು ಮೂಲೆಯ ಒತ್ತಕ್ಷರಗಳನ್ನೂ ಓದಿ ನೋಡಿ.